ಬೆಂಗಳೂರಿಗೆ ಬರಬೇಕಿದ್ದ ಡಾಡ್ಜ್



ಎರಡು ವರ್ಷಕ್ಕೊಮ್ಮೆ ಫೆಬ್ರವರಿ ಬಂತೆಂದರೆ ಯಲಹಂಕದ ಕಡೆಯವರು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು. ವೈಮಾನಿಕ ಪ್ರದರ್ಶನದ ದಿನ ಬಳ್ಳಾರಿ ರಸ್ತೆಯ ಗಾಡಿಗಳೆಲ್ಲ ಹೆಬ್ಬಾಳದಲ್ಲೇ ನಿಂತುಬಿಡುತ್ತವೆ. ಜಕ್ಕೂರು, ಕೊಡಿಗೇಹಳ್ಳಿ, ಬ್ಯಾಟರಾಯನಪುರದ ಮಾಳಿಗೆಗಳ ಮೇಲೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಹತ್ತಿ ನಿಲ್ಲುತ್ತಾರೆ. 1996ರಿಂದ ನಡೆದುಕೊಂಡು ಬಂದ ಜಾತ್ರೆ ಇದು. ಅಮೆರಿಕದ ಎಫ್-35 ಬಂದರೂ, ನಮ್ಮ ಎಚ್‌ಎಎಲ್‌ನ ತೇಜಸ್ ಮೇಲೇರಿದಾಗ ಬೀಳುವ ಚಪ್ಪಾಳೆಯೇ ಬೇರೆ.

ಈ ಎಚ್‌ಎಎಲ್ ಹುಟ್ಟಿದ ಕಥೆಯೊಳಗೆ ಒಂದು ಮೋಟಾರು ಕಾರು ಅಡಗಿ ಕುಳಿತಿದೆ. ಬೆಂಗಳೂರಿಗೆ ಮೊದಲು ಗೊತ್ತುಮಾಡಿದ್ದು ವಿಮಾನದ ಕಾರ್ಖಾನೆಯನ್ನಲ್ಲ, ಕಾರಿನ ಕಾರ್ಖಾನೆಯನ್ನು. ಅದೂ ಅಮೆರಿಕದ ಕ್ರೈಸ್ಲರ್ ಕಂಪನಿಯ ನೆರವಿನ ಕಾರ್ಖಾನೆ. ಡಾಡ್ಜ್, ಪ್ಲಿಮತ್, ಡಿಸೋಟೊ ಎಂಬ ಹೆಸರುಗಳ ಕಾರು ಮಾಡುತ್ತಿದ್ದ ಕಂಪನಿ ಅದು. ಆ ಕಾರ್ಖಾನೆ ಬರಲಿಲ್ಲ. ಏಕೆ ಬರಲಿಲ್ಲ, ಬರದೆ ಎಲ್ಲಿಗೆ ಹೋಯಿತು, ಹೋದ ಮೇಲೆ ಆ ಹೆಸರುಗಳ ಗತಿ ಏನಾಯಿತು ಎನ್ನುವುದು ಇವತ್ತಿನ ಮಾತು.

ಮೊದಲು ಕಂಪನಿಯ ಕುಲಗೋತ್ರ ಸ್ವಲ್ಪ ಕೇಳಿಬಿಡೋಣ. ಡಾಡ್ಜ್ ಎಂದರೆ ಜಾನ್ ಮತ್ತು ಹೊರೇಸ್ ಎಂಬ ಅಣ್ಣತಮ್ಮಂದಿರು. ಡೆಟ್ರಾಯಿಟ್ ನಗರದಲ್ಲಿ ಲೇತು, ಡ್ರಿಲ್ಲುಗಳ ನಡುವೆ ಕೈ ಮಸಿ ಮಾಡಿಕೊಂಡು ಮೇಲೆ ಬಂದವರು. 1903ರಲ್ಲಿ ಹೆನ್ರಿ ಫೋರ್ಡ್ ಕಂಪನಿ ಶುರುಮಾಡಿದಾಗ ಎಂಜಿನ್ನು, ಗೇರು ಮಾಡಿಕೊಟ್ಟವರು ಇವರೇ. ಫೋರ್ಡ್ ಕಂಪನಿಯಲ್ಲಿ ಇವರಿಗೆ ನೂರಕ್ಕೆ ಹತ್ತರಷ್ಟು ಷೇರೂ ಇತ್ತು. ಊರಿನವರಿಗೆಲ್ಲ ಎಂಜಿನ್ ಮಾಡಿಕೊಡುವ ನಾವು ನಮ್ಮ ಹೆಸರಿನಲ್ಲೇ ಒಂದು ಕಾರು ಏಕೆ ಮಾಡಬಾರದು ಎಂದು 1914ರಲ್ಲಿ ಡಾಡ್ಜ್ ಕಾರನ್ನು ಇಳಿಸಿದರು. ಕಾರಿನ ಮೈಗೆ ಮರ ಬಳಸುತ್ತಿದ್ದ ಕಾಲ ಅದು, ಇವರು ಉಕ್ಕಿನ ಮೈ ಕಟ್ಟಿದರು. 1916ರಲ್ಲಿ ಮೆಕ್ಸಿಕೋ ಗಡಿಯ ಮರಳುಗಾಡಿನಲ್ಲಿ ಅಮೆರಿಕದ ಸೈನ್ಯ ಈ ಕಾರನ್ನು ಓಡಿಸಿತು. ಡಾಡ್ಜ್ ಎಂದರೆ ದಾರಿಯಲ್ಲಿ ಕೈಕೊಡದ ಗಾಡಿ ಎಂಬ ಹೆಸರು ಅಲ್ಲಿಂದ ಗಟ್ಟಿಯಾಯಿತು. ಲಾಭಾಂಶ ಸರಿಯಾಗಿ ಕೊಡುತ್ತಿಲ್ಲವೆಂದು ಫೋರ್ಡನ ಮೇಲೆ ಮೊಕದ್ದಮೆ ಹೂಡಿ 1919ರಲ್ಲಿ ಗೆದ್ದರು. ಮರುವರ್ಷವೇ, 1920ರಲ್ಲಿ, ಅಣ್ಣನೂ ಹೋದ, ತಮ್ಮನೂ ಹೋದ.

ಇನ್ನು ವಾಲ್ಟರ್ ಕ್ರೈಸ್ಲರ್. ಇವನು ರೈಲ್ವೆಯ ಆಳು. ಕಾನ್ಸಾಸ್ ಸೀಮೆಯಲ್ಲಿ ಹುಟ್ಟಿ, ಎಂಜಿನ್ ಶೆಡ್ಡಿನಲ್ಲಿ ಕಸ ಗುಡಿಸುವುದರಿಂದ ಶುರುಮಾಡಿ ಮೆಕ್ಯಾನಿಕ್ ಆದವನು. ನಮ್ಮ ಯಲಹಂಕದ ಗಾಲಿ ಕಾರ್ಖಾನೆಯ ಫಿಟ್ಟರುಗಳ ಜೊತೆ ಕೂರಿಸಿದ್ದರೆ ಅರ್ಧ ಗಂಟೆಯಲ್ಲಿ ಅವರೊಳಗೊಬ್ಬನಾಗಿಬಿಡುತ್ತಿದ್ದ ಎನಿಸುತ್ತದೆ. 1908ರಲ್ಲಿ ಚಿಕಾಗೊ ಪ್ರದರ್ಶನದಲ್ಲಿ ಐದು ಸಾವಿರ ಡಾಲರಿನ ಒಂದು ಲೋಕೊಮೊಬೈಲ್ ಕಾರು ಇವನ ಕಣ್ಣಿಗೆ ಬಿತ್ತು. ಕೈಯಲ್ಲಿದ್ದದ್ದು ಏಳುನೂರು ಡಾಲರ್. ಮಿಕ್ಕದ್ದನ್ನು ಸಾಲ ಮಾಡಿ ಕಾರು ಕೊಂಡು, ರೈಲಿಗೆ ಹಾಕಿಸಿ ಊರಿಗೆ ತಂದ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸುತ್ತಾಡಿಸಿದನೆ? ಇಲ್ಲ. ಕೊಟ್ಟಿಗೆಯಲ್ಲಿ ನಿಲ್ಲಿಸಿ, ಒಂದೊಂದೇ ಭಾಗ ಬಿಚ್ಚಿ ಹರಡಿ, ಮತ್ತೆ ಜೋಡಿಸಿ, ಮತ್ತೆ ಬಿಚ್ಚಿ, ಹೀಗೇ ತಿಂಗಳುಗಟ್ಟಲೆ ಮಾಡಿದ. ಸ್ಟಿಯರಿಂಗ್ ಹಿಡಿದದ್ದು ಆಮೇಲೆ. ನನಗೆ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದು ಇದನ್ನು ಓದಿದಾಗ. ಮುಂದೆ ಅವನು ಬ್ಯೂಕ್ ಕಂಪನಿಯ ಯಜಮಾನಿಕೆ ಮಾಡಿದ, 1925ರಲ್ಲಿ ತನ್ನ ಹೆಸರಿನ ಕಂಪನಿ ಕಟ್ಟಿದ, 1928ರಲ್ಲಿ ತನಗಿಂತ ದೊಡ್ಡದಾಗಿದ್ದ ಡಾಡ್ಜ್ ಕಂಪನಿಯನ್ನೇ ಕೊಂಡ. ಅದೇ ವರ್ಷ ಪ್ಲಿಮತ್, ಡಿಸೋಟೊ ಎಂಬ ಇನ್ನೆರಡು ಹೆಸರು ಹುಟ್ಟಿದವು. ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ಚಿತ್ರವನ್ನು ನೀವು ನೋಡಿರುತ್ತೀರಿ. 1930ರಲ್ಲಿ ಮುಗಿದ ಆ ಎಪ್ಪತ್ತೇಳು ಅಂತಸ್ತಿನ ಗೋಪುರದ ಮೂಲೆಗಳಲ್ಲಿ ಕಾರಿನ ರೇಡಿಯೇಟರ್ ಮುಚ್ಚಳದ ಆಕಾರ ಮಾಡಿ ಕೂರಿಸಿದ್ದಾರೆ.

ಈಗ ನಮ್ಮ ಕಡೆಗೆ ಬರೋಣ. ಹೆಬ್ಬಾಳ ದಾಟಿ, ಯಲಹಂಕ ದಾಟಿ, ದೇವನಹಳ್ಳಿ ಬಳಸಿಕೊಂಡು ಹೋದರೆ ಮುದ್ದೇನಹಳ್ಳಿ. ಅಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅವರ ಸರ್ಕಾರಿ ಕಾರಿನ ಕಥೆ, ಮೋಂಬತ್ತಿಯ ಕಥೆ ನಿಮಗೆಲ್ಲ ಬಾಯಿಪಾಠ. ಅವನ್ನು ಬಿಡೋಣ. ಅವರ ನಿಜವಾದ ಕಾರಿನ ಕಥೆ ಶುರುವಾಗುವುದು ದಿವಾನಗಿರಿ ಮುಗಿದ ಎಷ್ಟೋ ವರ್ಷಗಳ ಮೇಲೆ. 1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಒಂದು ಪುಸ್ತಕ ಬರೆದರು. ಮರುವರ್ಷ ಯೂರೋಪಿಗೂ ಅಮೆರಿಕಕ್ಕೂ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಎಪ್ಪತ್ತು ದಾಟಿದ ವಯಸ್ಸು. ಬಂದವರು ಸುಮ್ಮನೆ ಕೂರಲಿಲ್ಲ. ಬಂಡವಾಳ ಎಷ್ಟು, ವರ್ಷಕ್ಕೆ ಎಷ್ಟು ಗಾಡಿ, ಯಾವ ಭಾಗ ಮೊದಲು ಇಲ್ಲೇ ಮಾಡಬೇಕು ಎಂದೆಲ್ಲ ಬರೆದ ಒಂದು ಯೋಜನೆ ತಯಾರಾಯಿತು.

ಆಗ ಭಾರತದಲ್ಲಿ ಅಮೆರಿಕದ ಕಾರು ಇರಲಿಲ್ಲವೆಂದಲ್ಲ. ಫೋರ್ಡ್ 1926ರಿಂದ, ಜನರಲ್ ಮೋಟಾರ್ಸ್ 1928ರಿಂದ ಇಲ್ಲೇ ಕಾರು ಜೋಡಿಸುತ್ತಿದ್ದವು. ಪೆಟ್ಟಿಗೆಯಲ್ಲಿ ಬಿಡಿಭಾಗ ಹಡಗಿನಲ್ಲಿ ಬರುತ್ತಿತ್ತು, ಬೊಂಬಾಯಿಯಲ್ಲಿ ನಟ್ಟು ಬೋಲ್ಟು ಬಿಗಿದು ರಸ್ತೆಗೆ ಬಿಡುತ್ತಿದ್ದರು. ಬೆಂಗಳೂರಿನ ಶ್ರೀಮಂತರ ಮನೆಯ ಷೆವ್ರೊಲೆ, ಬ್ಯೂಕುಗಳು ಅಂಥವೇ. ವಿಶ್ವೇಶ್ವರಯ್ಯನವರ ತಕರಾರು ಇದ್ದದ್ದೇ ಇಲ್ಲಿ. ನಟ್ಟು ಬಿಗಿಯುವವನು ಎಷ್ಟು ವರ್ಷ ಬಿಗಿದರೂ ನಟ್ಟು ಬಿಗಿಯುವವನೇ. ಎಂಜಿನ್ನಿನ ಅಚ್ಚು ಇಲ್ಲಿ ಎರಕವಾಗಬೇಕು, ಗೇರಿನ ಹಲ್ಲು ಇಲ್ಲಿ ಕೊರೆಯಬೇಕು, ಆಗ ಮಾತ್ರ ಕೆಲಸ ಕೈಗೆ ಹತ್ತುತ್ತದೆ ಎನ್ನುವುದು ಅವರ ಲೆಕ್ಕ.

ಈ ಯೋಜನೆಗೆ ಸಿಕ್ಕ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಸೋಲಾಪುರದವರು. ಹಡಗಿನ ಕಂಪನಿ ಕಟ್ಟಿ ಬ್ರಿಟಿಷರ ಹಡಗುಗಳ ಜೊತೆ ಗುದ್ದಾಡಿದ ಜಟ್ಟಿ. ಮೊದಲಿಗೆ ಬೊಂಬಾಯಿಯ ಕಾಂಗ್ರೆಸ್ ಸರ್ಕಾರ ಒಲವು ತೋರಿಸಿತು. ಆದರೆ 1939ರಲ್ಲಿ ಯುದ್ಧ ಶುರುವಾಗಿ ಕಾಂಗ್ರೆಸ್ ಮಂತ್ರಿಮಂಡಲಗಳೆಲ್ಲ ರಾಜೀನಾಮೆ ಕೊಟ್ಟವು. ವಾಲ್‌ಚಂದ್ ಅಮೆರಿಕಕ್ಕೆ ಹೋದರು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಜೊತೆ ಮಾತು ಕೂಡಿಬರಲಿಲ್ಲ. ಭಾರತದಲ್ಲಿ ಆಗಲೇ ಸ್ವಂತ ಅಂಗಡಿ ಇಟ್ಟಿದ್ದವರಿಗೆ ಭಾರತೀಯ ಪಾಲುದಾರ ಏಕೆ ಬೇಕು? ಮೂರನೆಯದಾದ ಕ್ರೈಸ್ಲರ್ ಒಪ್ಪಿತು. ಇತ್ತ ಮೈಸೂರಿನಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಕಾರ್ಖಾನೆ ಬೆಂಗಳೂರಿಗೆ ಬರಲಿ, ಸರ್ಕಾರವೂ ಪಾಲು ಹಾಕುತ್ತದೆ ಎಂದರು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಗಂಧದ ಸೋಪನ್ನು ಪ್ರಪಂಚಕ್ಕೆ ಮಾರುತ್ತಿದ್ದ ಸಂಸ್ಥಾನ ಅದು. ಕಾರು ಮಾಡುವುದು ಅದಕ್ಕೆ ಅತಿಯಾಸೆ ಎನಿಸಿರಲಿಲ್ಲ.

ಕಲ್ಲು ಬಿದ್ದದ್ದು ದೆಹಲಿಯಿಂದ. ಯುದ್ಧದ ಸಮಯ, ಡಾಲರ್ ಇಲ್ಲ, ಯಂತ್ರ ತರಲು ಹಡಗಿಲ್ಲ, ಕಾರಿನ ಕಾರ್ಖಾನೆ ಯುದ್ಧಕ್ಕೆ ಉಪಯೋಗವಿಲ್ಲ ಎಂದು ಭಾರತ ಸರ್ಕಾರ ಕೈ ಅಡ್ಡ ಹಿಡಿಯಿತು. ಸೈನ್ಯಕ್ಕೆ ಲಾರಿ ಬೇಕೇ ಬೇಕಾಗಿತ್ತು, ಅವನ್ನು ಸಾವಿರಗಟ್ಟಲೆ ಹೊರದೇಶದಿಂದ ತರಿಸುತ್ತಲೂ ಇದ್ದರು. ಆದ್ದರಿಂದ ಉಪಯೋಗವಿಲ್ಲ ಎಂಬ ಮಾತನ್ನು ಮಿರ್ಜಾ ಸಾಹೇಬರಾಗಲಿ ವಿಶ್ವೇಶ್ವರಯ್ಯನವರಾಗಲಿ ನಂಬಲಿಲ್ಲ. ಭಾರತದಲ್ಲಿ ಕಾರು ತಯಾರಾದರೆ ಬ್ರಿಟಿಷ್ ಕಾರನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇತ್ತು. ಇದೆಲ್ಲ ನಡೆಯುತ್ತಿದ್ದಾಗಲೇ, 1940ರ ಆಗಸ್ಟಿನಲ್ಲಿ, ಎರಡು ಸಾವುಗಳಾದವು. ಮೂರನೆಯ ತಾರೀಖು ಬೆಂಗಳೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಹದಿನೆಂಟಕ್ಕೆ ಅಮೆರಿಕದಲ್ಲಿ ವಾಲ್ಟರ್ ಕ್ರೈಸ್ಲರ್ ತೀರಿಕೊಂಡ. ಒಬ್ಬರನ್ನೊಬ್ಬರು ಕಂಡವರಲ್ಲ, ಆದರೆ ಇಬ್ಬರ ಹೆಸರೂ ಒಂದೇ ಕಾಗದದ ಮೇಲೆ ಕೂಡುವುದರಲ್ಲಿತ್ತು. 1941ರಲ್ಲಿ ಮಿರ್ಜಾ ಅವರೂ ದಿವಾನಗಿರಿ ಬಿಟ್ಟರು.

ವಾಲ್‌ಚಂದರ ಅದೃಷ್ಟ ನೋಡಿ. ಕಾರಿನ ಮಾತುಕತೆ ಮುಗಿಸಿ 1939ರಲ್ಲಿ ಅಮೆರಿಕದಿಂದ ವಿಮಾನದಲ್ಲಿ ಹಿಂದಿರುಗುವಾಗ ಜೊತೆ ಪ್ರಯಾಣಿಕನಾಗಿ ಸಿಕ್ಕವನು ವಿಲಿಯಂ ಪಾಲಿ. ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದವನು. ಮಾತು ಕಾರಿನಿಂದ ವಿಮಾನಕ್ಕೆ ಹೊರಳಿತು. ವಿಮಾನ ಯುದ್ಧಕ್ಕೆ ಉಪಯೋಗವಿಲ್ಲ ಎಂದು ದೆಹಲಿ ಹೇಳುವ ಹಾಗಿರಲಿಲ್ಲ. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಇಂದಿನ ಎಚ್‌ಎಎಲ್, ನೋಂದಣಿಯಾಯಿತು. ಕಾರಿಗೆ ಪಾಲು ಹಾಕಲು ಸಿದ್ಧವಾಗಿದ್ದ ಮೈಸೂರು ಸರ್ಕಾರವೇ ಇದಕ್ಕೂ ಪಾಲು ಹಾಕಿತು, ನೆಲ ಕೊಟ್ಟಿತು. ಕೆಲವೇ ತಿಂಗಳಲ್ಲಿ, 1941ರಲ್ಲಿ, ಹಾರ್ಲೊ ಎಂಬ ತರಬೇತಿ ವಿಮಾನ ಅಲ್ಲಿಂದ ಹಾರಿತು. ಆಮೇಲೆ ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಿಂದ ಅದು ಅಮೆರಿಕದ ವಾಯುಪಡೆಯ ರಿಪೇರಿ ಖಾನೆ. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದದ್ದು ಆಗ. ಇವತ್ತು ಆ ಕೆರೆಯ ನೊರೆ ನೋಡಿದವರಿಗೆ ಈ ಮಾತು ಪುರಾಣದಂತೆ ಕೇಳಿಸೀತು.

ಕಾರು ಬರದಿದ್ದರೇನು, ವಿಶ್ವೇಶ್ವರಯ್ಯನವರು ಬೇಕೆಂದದ್ದು ಬೇರೆ ಬಾಗಿಲಿನಿಂದ ಬಂತು ಎನ್ನುವುದು ನನ್ನ ವಾದ. ವಿಮಾನದ ಕಾರ್ಖಾನೆಗೆ ಓದಿದ ಎಂಜಿನಿಯರುಗಳು ಬೇಕು ಎಂದಾಗ ಯಶವಂತಪುರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1942ರಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಕೈಕೆಲಸ ಕಲಿಸುವ ಸಂಸ್ಥೆಯೊಂದನ್ನು 1943ರಲ್ಲಿ ವಿಶ್ವೇಶ್ವರಯ್ಯನವರೇ ನಿಂತು ಮಾಡಿಸಿದರು. ಅದೇ ನಮ್ಮ ಎಸ್‌ಜೆ ಪಾಲಿಟೆಕ್ನಿಕ್. ಯುದ್ಧ ಮುಗಿದ ಮೇಲೆ ಎಚ್‌ಎಎಲ್ ಸುಮ್ಮನೆ ಕೂರದೆ ರೈಲಿನ ಬೋಗಿ ಕಟ್ಟಿತು, ಬಸ್ಸಿನ ಬಾಡಿ ಕಟ್ಟಿತು. ಆ ಬೋಗಿಯ ವಿಭಾಗವೇ ಮುಂದೆ ಬೆಮೆಲ್ ಆಯಿತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಗೆ ಬಂದವು. ಪೀಣ್ಯ ಬೆಳೆಯಿತು. ಮೈಕ್ರಾನ್ ಲೆಕ್ಕದಲ್ಲಿ ಲೋಹ ತುರಿಯಬಲ್ಲ ಕೈಗಳು ಗೊರಗುಂಟೆಪಾಳ್ಯದಿಂದ ಮತ್ತಿಕೆರೆಯವರೆಗೆ ಮನೆ ಮನೆಯಲ್ಲೂ ಸಿಗುವಂತಾಯಿತು. ಇದೆಲ್ಲಕ್ಕೂ ಎಚ್‌ಎಎಲ್ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಮೊದಲ ಗರಡಿ ಅದೇ.

ಕ್ರೈಸ್ಲರ್ ಕಾರುಗಳ ಹೆಸರು ಮಾತ್ರ ಬೊಂಬಾಯಿಗೆ ಹೋಯಿತು. ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮಾಡಿ, ಬೊಂಬಾಯಿಯ ಕುರ್ಲಾದಲ್ಲಿ ಕಾರ್ಖಾನೆ ತೆರೆದರು. 1947ರಲ್ಲಿ ಅಲ್ಲಿಂದ ಕಾರು ಹೊರಬಂತು. ಡಾಡ್ಜ್ ಬೇಕೆ, ಡಿಸೋಟೊ ಬೇಕೆ, ಪ್ಲಿಮತ್ ಬೇಕೆ ಎಂದರೆ ಮೂರೂ ಅಲ್ಲೇ ಸಿಗುತ್ತಿದ್ದವು. ಗುಟ್ಟು ಏನೆಂದರೆ ಮೂರರ ಒಳಗೂ ಹೆಚ್ಚುಕಡಿಮೆ ಒಂದೇ ಕಾರು. ಮುಂದಿನ ಜಾಲರಿ ಬೇರೆ, ಹೆಸರಿನ ಅಕ್ಷರ ಬೇರೆ. ಲಾರಿಯಲ್ಲೂ ಹಾಗೆಯೇ: ಡಾಡ್ಜ್ ಮತ್ತು ಫಾರ್ಗೊ ಒಂದೇ ತಾಯಿಯ ಮಕ್ಕಳು. ಏಜೆಂಟರು ಬೇರೆ ಬೇರೆ ಇದ್ದದ್ದರಿಂದ ಹೆಸರು ಬೇರೆ ಬೇರೆ.

ಉತ್ತರ ಬೆಂಗಳೂರಿನವರ ಮಟ್ಟಿಗೆ ಕ್ರೈಸ್ಲರ್ ಎಂದರೆ ಈ ಲಾರಿಗಳೇ. ಯಶವಂತಪುರದ ಗೂಡ್ಸ್ ಶೆಡ್ಡು, ತುಮಕೂರು ರಸ್ತೆ, ಎಪಿಎಂಸಿ ಯಾರ್ಡು: ಹಳೆಯ ಡ್ರೈವರುಗಳನ್ನು ಮಾತಿಗೆಳೆದರೆ ಮುಂದಕ್ಕೆ ಮೂತಿ ಚಾಚಿದ ಫಾರ್ಗೊ ನೆನಪಾಗದೆ ಇರದು. ಮೊದಲು ಪೆಟ್ರೋಲು, ಆಮೇಲೆ ಪರ್ಕಿನ್ಸ್ ಡೀಸೆಲ್ ಎಂಜಿನ್ನು. ಬಾನೆಟ್ ಎತ್ತಿದರೆ ಎಂಜಿನ್ನು ಪೂರ್ತಿ ಕಣ್ಣ ಮುಂದೆ, ಕೈಹಾಕಲು ಜಾಗ ಧಾರಾಳ. ಘಾಟಿನಲ್ಲಿ ಕೆಟ್ಟು ನಿಂತರೆ ಡ್ರೈವರೂ ಕ್ಲೀನರೂ ಸೇರಿ ಒಂದು ಪಾನಾ, ಒಂದಿಷ್ಟು ತಂತಿ ಹಿಡಿದು ಬೆಳಗಾಗುವುದರೊಳಗೆ ಹೊರಡಿಸುತ್ತಿದ್ದರು. ಡಾಡ್ಜ್ ಗಟ್ಟಿಯೋ ಫಾರ್ಗೊ ಗಟ್ಟಿಯೋ ಎಂದು ಟೀ ಅಂಗಡಿಯ ಬೆಂಚಿನ ಮೇಲೆ ಆಣೆ ಪ್ರಮಾಣದ ಜಗಳವಾಗುತ್ತಿತ್ತು. ಎರಡೂ ಒಂದೇ ಎಂದು ಆ ಹೊತ್ತಿನಲ್ಲಿ ಹೇಳುವ ಧೈರ್ಯ ಯಾರಿಗಿತ್ತು? ಗಾಡಿಯ ಒಳ್ಳೆಯ ಹೆಸರು ಡೆಟ್ರಾಯಿಟಿನಲ್ಲಿ ಅಚ್ಚಾಗಿ ಬಂದದ್ದೇನೂ ಅಲ್ಲ. ಅರ್ಧ ಹೆಸರು ಕಮ್ಮಾರ ಶಾಲೆಯ ಮೇಸ್ತ್ರಿ, ಜೆಸಿ ರಸ್ತೆಯ ಬಿಡಿಭಾಗದ ಅಂಗಡಿಯವನು, ಗುಜರಿಯಿಂದ ಹಳೆಯ ಆಕ್ಸೆಲ್ ಹುಡುಕಿ ತಂದು ಕೂರಿಸುವ ಫಿಟ್ಟರು ಇವರೆಲ್ಲ ಸಂಪಾದಿಸಿಕೊಟ್ಟದ್ದು.

ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಏನಾದವು? 1953ರಲ್ಲಿ ಸರ್ಕಾರ, ಇಲ್ಲೇ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಜಾಗ, ಬರೀ ಜೋಡಿಸುವವರಿಗೆ ಇಲ್ಲ ಎಂದಿತು. ವಿಶ್ವೇಶ್ವರಯ್ಯನವರ ಹಳೆಯ ತಕರಾರು ಕಾನೂನಾಗಿ ಬಂದ ಹಾಗಾಯಿತು. ಎರಡೂ ಕಂಪನಿಗಳು ಗಂಟುಮೂಟೆ ಕಟ್ಟಿದವು. ಪ್ರೀಮಿಯರ್ ಉಳಿಯಿತು, ಆದರೆ ದೊಡ್ಡ ಅಮೆರಿಕನ್ ಕಾರು ಕುಡಿಯುವ ಪೆಟ್ರೋಲು ನಮ್ಮ ಮಧ್ಯಮ ವರ್ಗಕ್ಕೆ ಎಟುಕಲಿಲ್ಲ. ಇಟಲಿಯ ಫಿಯೆಟ್ ಬಂತು, ಅದೇ ಕಾರು ಮುಂದೆ ಪದ್ಮಿನಿಯಾಯಿತು. ಡಿಸೋಟೊ ಹೆಸರನ್ನು ಅಮೆರಿಕದಲ್ಲೇ 1960ರಲ್ಲಿ ನಿಲ್ಲಿಸಿದರು, ಪ್ಲಿಮತ್ ಅನ್ನು 2001ರಲ್ಲಿ.

ಕ್ರೈಸ್ಲರ್ ಕಂಪನಿಯ ಮಾನ ಮಾತ್ರ ಏರುತ್ತ ಇಳಿಯುತ್ತ ನಡೆಯಿತು. 1979ರ ಹೊತ್ತಿಗೆ ದಿವಾಳಿಯ ಅಂಚು. ಲೀ ಅಯಕೋಕ ಎಂಬ ಯಜಮಾನ ಸರ್ಕಾರದ ಜಾಮೀನಿನ ಮೇಲೆ ಸಾಲ ಎತ್ತಿ, 1983ರಲ್ಲಿ ವಾಯಿದೆಗೆ ಏಳು ವರ್ಷ ಮೊದಲೇ ತೀರಿಸಿ ದೇಶದ ಕಣ್ಣಿಗೆ ವೀರನಾದ. 1987ರಲ್ಲಿ ಜೀಪಿನ ಒಡೆತನ ಕ್ರೈಸ್ಲರಿಗೆ ಬಂತು. 1998ರಲ್ಲಿ ಜರ್ಮನಿಯ ಡೈಮ್ಲರ್ ಜೊತೆ ಮದುವೆ, ಒಂಬತ್ತು ವರ್ಷಕ್ಕೆ ಬೇರ್ಪಡೆ. 2009ರಲ್ಲಿ ನಿಜವಾಗಿಯೂ ದಿವಾಳಿ. ಆಗ ಕೈಹಿಡಿದು ಎತ್ತಿದವರು ಯಾರು? ಫಿಯೆಟ್! ಕುರ್ಲಾದಲ್ಲಿ ಡಾಡ್ಜ್ ಬಿಟ್ಟ ಜಾಗದಲ್ಲಿ ಬಂದು ಕುಳಿತಿದ್ದ ಅದೇ ಫಿಯೆಟ್, ಅರ್ಧ ಶತಮಾನದ ನಂತರ ಡಾಡ್ಜಿನ ಮೂಲಮನೆಯನ್ನೇ ಕೊಂಡಿತು. 2021ರಿಂದ ಎಲ್ಲ ಸೇರಿ ಸ್ಟೆಲಾಂಟಿಸ್ ಎಂಬ ಹೊಸ ಹೆಸರು, ಕಚೇರಿ ನೆದರ್ಲೆಂಡ್ಸಿನಲ್ಲಿ. ಇವತ್ತು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಜೀಪ್ ಕಂಪಾಸ್ ಎಂಬ ಗಾಡಿ ನಿಮ್ಮನ್ನು ಹಿಂದೆ ಹಾಕಿ ಹೋದರೆ, ಅದು ಪುಣೆಯ ಹತ್ತಿರ ರಾಂಜಣಗಾಂವಿನಲ್ಲಿ ತಯಾರಾದ, ಡಚ್ ವಿಳಾಸದ, ಇಟಲಿಯ ನಂಟಿನ ಅಮೆರಿಕನ್ ಗಾಡಿ. ಮನೆ ಅದೇ, ಬಾಡಿಗೆದಾರ ಬದಲಾದಾಗಲೆಲ್ಲ ಬಾಗಿಲ ಫಲಕ ಬದಲಾದ ಹಾಗೆ.

ಅಮೆರಿಕದ ಕಾರುಗಳಿಗೆ ನಮ್ಮಲ್ಲಿ ಈಗ ಇರುವ ಹೆಸರು, ಮನಸ್ಸು ಬಂದಾಗ ಬಂದು ಸಾಕೆನಿಸಿದಾಗ ಹೋಗುವವರು ಎಂದು. ಷೆವ್ರೊಲೆ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇನೆಂದು ಸಾರಿತು. ಆರ್‌ಟಿ ನಗರದಲ್ಲಿ ಫೋರ್ಡ್ ಇಟ್ಟುಕೊಂಡವರು ಅದನ್ನು ಮಾರಲು ಹೋದರೆ ದಲ್ಲಾಳಿ ಮೊದಲು ಮುಖ ಸಿಂಡರಿಸುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ. ಓಡಿಸುವವರನ್ನು ಕೇಳಿ, ಇಷ್ಟು ಗಟ್ಟಿ ಗಾಡಿ ಇನ್ನೊಂದಿಲ್ಲ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಆದರೆ ಒಂದು ಗಮನಿಸಿ: ಷೆವ್ರೊಲೆಯ ಅಂಗಡಿ ಮುಚ್ಚಿತು, 2003ರಲ್ಲಿ ಬೆಂಗಳೂರಿನಲ್ಲಿ ತೆರೆದ ಜನರಲ್ ಮೋಟಾರ್ಸಿನ ತಾಂತ್ರಿಕ ಕೇಂದ್ರ ಮುಚ್ಚಲಿಲ್ಲ. ಇಲ್ಲಿ ಮಾರದ ಕಾರುಗಳಿಗೆ ಇಲ್ಲಿನ ಹುಡುಗ ಹುಡುಗಿಯರು ಕೆಲಸ ಮಾಡುತ್ತಾರೆ. ಮಾಲು ಬೇರೆ ಊರಿಗೆ, ಮಾಡುವ ಕೈ ಬೆಂಗಳೂರಿಗೆ ಎನ್ನುವ 1940ರ ಲೆಕ್ಕ ಇನ್ನೂ ಅಳಿಸಿಲ್ಲ.

ಕೊನೆಗೆ ಟೆಸ್ಲಾ. 2021ರ ಜನವರಿ 8ರಂದು ಆ ಅಮೆರಿಕನ್ ಕಂಪನಿ ತನ್ನ ಭಾರತದ ಶಾಖೆಯನ್ನು ನೋಂದಾಯಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಮುಖ್ಯಮಂತ್ರಿಗಳು ಸ್ವಾಗತ ಕೋರಿದರು, ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು, ಕಾರ್ಖಾನೆ ತುಮಕೂರು ರಸ್ತೆಗೋ ದೊಡ್ಡಬಳ್ಳಾಪುರ ರಸ್ತೆಗೋ ಎಂದು ನಮ್ಮ ಕಡೆ ಸೈಟಿನ ದಲ್ಲಾಳಿಗಳು ಬಾಯಿ ಚಪ್ಪರಿಸಿದರು. ನಾಲ್ಕೂವರೆ ವರ್ಷದ ಮೇಲೆ, 2025ರ ಜುಲೈ 15ರಂದು, ಭಾರತದಲ್ಲಿ ಟೆಸ್ಲಾದ ಮೊದಲ ಮಳಿಗೆ ತೆರೆಯಿತು. ಕಾರು ಶಾಂಘೈನಲ್ಲಿ ತಯಾರಾದದ್ದು, ಸುಂಕ ಸೇರಿ ಬೆಲೆ ಅರವತ್ತು ಲಕ್ಷದ ಹತ್ತಿರ. ಮಳಿಗೆ ತೆರೆದದ್ದು ಮುಂಬಯಿಯಲ್ಲಿ. ಆ ಬಡಾವಣೆಯ ಹೆಸರು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್.